ಹುಲಿ ಒತ್ತಿದರೆ ಹಾಲು

ಹಾಲು, ಹುಲಿ, ಹೊಲ. ಈ ಮೂರು ಪದಗಳಿಂದ ಇಳಿ, ಕೊಂಬು, ಗುಡಿಸು, ಓತ್ವಗಳನ್ನೆಲ್ಲ ಕಿತ್ತುಹಾಕಿ ನೋಡಿ. ಮೂರರಲ್ಲೂ ಉಳಿಯುವುದು ‘ಹಲ’. ನಿಮಗೆ ನಾಲ್ಕನೆಯ ಪದವೊಂದು ಹೊಳೆದಿರಬಹುದು. ಅದು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ, ಬಿಡಿ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ತಿದ್ದಿದ ಯಾರೂ ಇಂಥ ಕೆಲಸ ಮಾಡುವುದಿಲ್ಲ. ಆದರೆ ಜಗತ್ತಿನ ತುಂಬ ವೆಬ್‌ಸೈಟುಗಳನ್ನು ಹೊತ್ತು ನಿಂತಿರುವ ಒಂದು ಸಾಫ್ಟ್‌ವೇರ್ ಚೌಕಟ್ಟು ಇದನ್ನು ದಿನವೂ, ಯಾವ ಅಳುಕೂ ಇಲ್ಲದೆ ಮಾಡುತ್ತದೆ. ಅದರಿಂದ ತಾಳವಾಡಿಯ ರೈತರೊಬ್ಬರಿಗೆ ಏನಾಯಿತು, ಚೆನ್ನೈಯಲ್ಲಿ ಕೂತ ನಮಗೆ ಅದನ್ನು ಸರಿಪಡಿಸಲು ಎಷ್ಟು ದಿನ ಹಿಡಿಯಿತು ಎಂಬುದು ಈ ವಾರದ ಕಥೆ.

ನಾನು ಓಎಂಆರ್ ರಸ್ತೆಯ ಒಂದು ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಎಂಟೆಕ್ ಮುಗಿಸಿ ಬಂದಾಗ ಹೊಸದೇನೋ ಕಟ್ಟುತ್ತೇನೆ ಅಂದುಕೊಂಡಿದ್ದೆ. ಸಿಕ್ಕಿದ್ದು ಬೇರೆಯವರು ಕಟ್ಟಿದ್ದನ್ನು ಸರಿಮಾಡುವ ಕೆಲಸ. ಹಳೆಯ ವೆಬ್ ಅಪ್ಲಿಕೇಷನ್‌ಗಳು ನಮ್ಮ ತಂಡಕ್ಕೆ ಬರುತ್ತವೆ. ಬಗ್‌ಗಳನ್ನು ತೆಗೆದು, ಕೋಡ್ ಸ್ವಚ್ಛ ಮಾಡಿ, ಹೊಸ ಆವೃತ್ತಿಗೆ ಏರಿಸಿ ಹಿಂದಿರುಗಿಸುತ್ತೇವೆ. ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ, “ಕಂಪ್ಯೂಟರ್ ರಿಪೇರಿ” ಎನ್ನುತ್ತಾಳೆ. ಮೊದಲು ತಿದ್ದುತ್ತಿದ್ದೆ. ಈಗ ಅವಳು ಹೇಳುವುದೇ ಸರಿ ಅನ್ನಿಸುತ್ತದೆ.

ಚೌಕಟ್ಟು ಎಂದೆನಲ್ಲ, ಅದನ್ನು ಕಲ್ಯಾಣ ಮಂಟಪಕ್ಕೆ ಹೋಲಿಸಬಹುದು. ಒಲೆ, ಪಾತ್ರೆ, ಎಲೆ ಹಾಕುವ ಮೇಜು, ಕೈತೊಳೆಯುವ ಜಾಗ ಎಲ್ಲ ಮೊದಲೇ ಇರುತ್ತದೆ. ಹುಡುಗ, ಹುಡುಗಿ, ಅಡುಗೆಯವರನ್ನು ನಾವು ತರಬೇಕು. ಲಾಗಿನ್, ಡೇಟಾಬೇಸ್, ಫಾರಂ, ಲಿಂಕ್ ಇವೆಲ್ಲ ಪ್ರತಿ ವೆಬ್‌ಸೈಟಿಗೂ ಬೇಕಾದ್ದರಿಂದ ಅವನ್ನು ಒಮ್ಮೆ ಬರೆದು ಎಲ್ಲರಿಗೂ ಕೊಟ್ಟಿರುತ್ತಾರೆ. ನಮಗೆ ಬಂದಿದ್ದ ವೆಬ್‌ಸೈಟ್ ನಡೆಯುತ್ತಿದ್ದದ್ದು ಜಾಂಗೋ ಎಂಬ ಚೌಕಟ್ಟಿನ ಮೇಲೆ, ಪೈಥಾನ್ ಭಾಷೆಯಲ್ಲಿ.

ಈ ಜಾಂಗೋ ಹುಟ್ಟಿದ್ದು ಸಾಫ್ಟ್‌ವೇರ್ ಕಂಪನಿಯಲ್ಲಲ್ಲ, ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕಾನ್ಸಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಶುರುಮಾಡಿದರು. ಸುದ್ದಿಮನೆಯ ಗಡಿಬಿಡಿಯಲ್ಲಿ ಗಂಟೆಗಳೊಳಗೆ ಪುಟ ಕಟ್ಟಿಕೊಡಬೇಕಾದ ಒತ್ತಡವೇ ಅದರ ತಾಯಿ. 2005ರ ಜುಲೈಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದ್ದು. ಪತ್ರಿಕೆಯ ಋಣ ಅದರ ಶಬ್ದಕೋಶದಲ್ಲಿ ಈಗಲೂ ಕಾಣುತ್ತದೆ. ‘ಸ್ಲಗ್’ ಎಂಬುದು ಅಂಥ ಒಂದು ಪದ. ಅಚ್ಚುಮೊಳೆಯ ಕಾಲದಲ್ಲಿ ಎರಕ ಹೊಯ್ದ ಒಂದು ಸಾಲಿನ ಸೀಸದ ಪಟ್ಟಿಗೆ ಸ್ಲಗ್ ಎನ್ನುತ್ತಿದ್ದರು. ಸುದ್ದಿಮನೆಯಲ್ಲಿ ಒಂದು ವರದಿಯನ್ನು ಗುರುತಿಸಲು ಇಡುವ ಚಿಕ್ಕ ಹೆಸರಿಗೂ ಅದೇ ಪದ. ಜಾಂಗೋದಲ್ಲಿ ಅದು ಪುಟದ ವಿಳಾಸದ ಕೊನೆಗೆ ಬರುವ ಅಡ್ಡಹೆಸರು. ಶೀರ್ಷಿಕೆ ಕೊಟ್ಟರೆ ಅದರಿಂದ ಸ್ಲಗ್ ತಯಾರಿಸಿಕೊಡುವ ಸಿದ್ಧ ಉಪಕರಣವೂ ಇದೆ, ಅದರ ಹೆಸರು ಸ್ಲಗಿಫೈ. ನಮ್ಮ ತಕರಾರು ಇರುವುದು ಇದರ ಬಳಿ.

ವೆಬ್‌ಸೈಟ್ ಒಂದು ಸಣ್ಣ ಸೇವಾಸಂಸ್ಥೆಯದು. ತಮಿಳುನಾಡಿನ ಗ್ರಾಮೀಣ ಜನರಿಗೆ ಸರ್ಕಾರಿ ಸೌಲಭ್ಯಗಳ ಮಾಹಿತಿಯನ್ನು ತಮಿಳು, ಕನ್ನಡ, ತೆಲುಗು, ಮಲಯಾಳಂಗಳಲ್ಲಿ ಕೊಡುತ್ತದೆ. ಕನ್ನಡ ಯಾಕೆ ಎಂದು ಚೆನ್ನೈಯಲ್ಲಿ ಕೆಲವರು ಕೇಳಿದರು. ಹೊಸೂರಿನ ಆಸುಪಾಸು, ಈರೋಡ್ ಜಿಲ್ಲೆಯ ತಾಳವಾಡಿ ಸೀಮೆ, ಇಲ್ಲೆಲ್ಲ ಮನೆಮಾತು ಕನ್ನಡ ಎಂದು ವಿವರಿಸಬೇಕಾಯಿತು. ನಮ್ಮ ಓದುಗರಿಗೆ ಅಷ್ಟು ವಿವರಣೆ ಬೇಡ, ದೊಡ್ಡ ಗಾಜನೂರು ಅಂದರೆ ಸಾಕು. ರಾಜ್‌ಕುಮಾರ್ ಹುಟ್ಟಿದ ಊರು, 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕರೆದೊಯ್ದದ್ದೂ ಅಲ್ಲಿಂದಲೇ. ಸುತ್ತಲೂ ಸತ್ಯಮಂಗಲದ ಕಾಡು. ಅದು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಹಾಲು, ಹುಲಿ, ಹೊಲ ಅಲ್ಲಿ ಕಾಗುಣಿತದ ಉದಾಹರಣೆಗಳಲ್ಲ, ದಿನನಿತ್ಯದ ಬದುಕು.

ಕನ್ನಡ ಪುಟಗಳನ್ನು ನೋಡಿಕೊಳ್ಳುತ್ತಿದ್ದವರು ಅಲ್ಲಿಯ ಒಬ್ಬ ನಿವೃತ್ತ ಮೇಷ್ಟ್ರು. ಒಂದು ಬೆಳಿಗ್ಗೆ ಅವರ ಫೋನ್ ಬಂತು. ಒಂಬತ್ತು ವರ್ಷದಲ್ಲಿ ಆಫೀಸಿನ ಕೆಲಸದ ಮೇಲೆ ನಾನು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

“ಸಾರ್, ಹುಲಿ ಅಂತ ಒತ್ತುದ್ರೆ ಹಾಲಿಂದು ಬತ್ತದಲ್ಲ?”

“ಯಾವಾಗಿನಿಂದ ಮೇಷ್ಟ್ರೇ?”

“ನಂಗೆ ಗೊತ್ತಾಗಿದ್ದು ನೆನ್ನೆ. ಅದುಕ್ಕೂ ಮುಂಚೆ ಎಷ್ಟು ದಿನ್ದಿಂದ ಹಂಗೇ ಇತ್ತೋ ಏನೋ.”

ಆಮೇಲೆ ಅವರು ಹೇಳಿದ್ದು ಇಷ್ಟು. ಪಕ್ಕದ ಹಳ್ಳಿಯಲ್ಲಿ ಒಬ್ಬರ ಹಸುವನ್ನು ರಾತ್ರಿ ಹುಲಿ ಹಿಡಿದಿದೆ. ಅವರ ಮಗಳು ಫೋನಿನಲ್ಲಿ ನಮ್ಮ ಪುಟ ತೆರೆದು ‘ಹುಲಿ’ ಎಂಬ ಗುಂಡಿ ಒತ್ತಿದ್ದಾಳೆ. ಬಂದದ್ದು ಹಾಲಿನ ದರ, ಹಾಲಿನ ಸೊಸೈಟಿ ಸದಸ್ಯತ್ವ, ಕರು ಸಾಕಲು ಸಾಲ. ಮಾಹಿತಿ ಇಲ್ಲ ಎಂದುಕೊಂಡು ಮುಚ್ಚಿದ್ದಾಳೆ. ‘ಹುಲಿ’ ಪುಟದ ಮೊದಲ ಸಾಲೇ, ಅರಣ್ಯ ಸಿಬ್ಬಂದಿ ಬಂದು ನೋಡುವವರೆಗೆ ಸತ್ತ ಜಾನುವಾರನ್ನು ಅಲ್ಲಿಂದ ಕದಲಿಸಬೇಡಿ ಎಂಬುದಾಗಿತ್ತು. ಬರೆದವರು ಮೇಷ್ಟ್ರೇ. ವಿಷಯ ಅವರಿಗೆ ತಿಳಿಯುವ ಹೊತ್ತಿಗೆ ಹಸುವನ್ನು ಹೂತಾಗಿತ್ತು.

ಇಲ್ಲಿ ಕೋಡ್ ಏನು ಮಾಡಿತ್ತೆಂದು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಸ್ಲಗಿಫೈ ಒಳಗೆ ಇರುವುದು ಕೆಲವೇ ಸಾಲು. ಅದರಲ್ಲಿ ಮುಖ್ಯವಾದ ಸಾಲು ಹೇಳುವುದು ಇಷ್ಟೇ: ಪದದ ಅಕ್ಷರಗಳು, ಖಾಲಿ ಜಾಗ, ಅಡ್ಡಗೆರೆ ಇವನ್ನು ಉಳಿಸಿಕೋ, ಮಿಕ್ಕದ್ದು ಕಸ, ಗುಡಿಸಿಹಾಕು. ಪ್ರಶ್ನಾರ್ಥಕ ಚಿಹ್ನೆ, ಅಲ್ಪವಿರಾಮಗಳು ವಿಳಾಸದಲ್ಲಿ ಬರಬಾರದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ‘ಪದದ ಅಕ್ಷರ’ ಯಾವುದು ಎಂದು ತೀರ್ಮಾನಿಸುವುದು ಜಾಂಗೋ ಅಲ್ಲ, ಪೈಥಾನ್. ಪ್ರೋಗ್ರಾಮರ್‌ಗಳು ಅದನ್ನು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಎಂಬ ಎರಡು ಚಿಹ್ನೆಗಳಲ್ಲಿ ಬರೆಯುತ್ತಾರೆ. ಪೈಥಾನ್ ಪಾಲಿಗೆ ಅಕ್ಷರ ಅಥವಾ ಅಂಕಿ ಆಗಿದ್ದರೆ ಮಾತ್ರ ಅದು ಪದದ ಭಾಗ, ಜೊತೆಗೆ ಕೆಳಗೆರೆಯೊಂದು.

ಯುನಿಕೋಡ್ ಪ್ರತಿಯೊಂದು ಸಂಕೇತಕ್ಕೂ ಒಂದು ವರ್ಗ ಹಚ್ಚಿದೆ. ‘ಹ’, ‘ಲ’ ಅಕ್ಷರ ವರ್ಗ. ಇಳಿ, ಗುಡಿಸು, ಕೊಂಬು, ಏತ್ವ, ಅನುಸ್ವಾರ, ಒತ್ತಕ್ಷರ ಹುಟ್ಟಿಸುವ ವಿರಾಮ, ಇವೆಲ್ಲ ‘ಗುರುತು’ ಎಂಬ ಬೇರೆ ವರ್ಗ. ಹಾಗಾಗಿ ಪೈಥಾನ್ ಕಣ್ಣಿಗೆ ಅವು ಪದದ ಭಾಗವಲ್ಲ, ಅಲ್ಪವಿರಾಮದ ಸಾಲಿಗೆ ಸೇರಿದ ಕಸ. ಯುನಿಕೋಡ್ ಅಕ್ಷರಗಳನ್ನು ಬಿಡು ಎಂದು ಕೇಳಿಕೊಳ್ಳುವ ಸೌಲಭ್ಯ ಸ್ಲಗಿಫೈಗೆ ಬಂದದ್ದು 1.9ನೇ ಆವೃತ್ತಿಯಲ್ಲಿ, 2015ರಲ್ಲಿ. ಅದಕ್ಕೂ ಮೊದಲು ಕನ್ನಡ ಶೀರ್ಷಿಕೆ ಕೊಟ್ಟರೆ ಏನೂ ಉಳಿಯುತ್ತಿರಲಿಲ್ಲ, ಖಾಲಿ. ಸೌಲಭ್ಯ ಬಂದ ಮೇಲೆ ಉಳಿಯುವುದು ಅಸ್ಥಿಪಂಜರ. ಬೆಂಗಳೂರು ‘ಬಗಳರ’ ಆಗುತ್ತದೆ, ಮೈಸೂರು ‘ಮಸರ’, ಕರ್ನಾಟಕ ‘ಕರನಟಕ’, ನಾನಿರುವ ಚೆನ್ನೈ ‘ಚನನ’. ಖಾಲಿಯಾಗಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. ಅರ್ಧ ಉಳಿದದ್ದೇ ಅಪಾಯ. ಉಳಿದವೆಲ್ಲ ಪೈಥಾನ್ ಒಪ್ಪುವ ಶುದ್ಧ ಅಕ್ಷರಗಳಾದ್ದರಿಂದ ಮುಂದೆ ಯಾವ ಪರೀಕ್ಷೆಯೂ ತಕರಾರು ತೆಗೆಯುವುದಿಲ್ಲ.

ಯುರೋಪಿನವರ ಗಮನಕ್ಕೆ ಇದು ಯಾಕೆ ಬೀಳಲಿಲ್ಲ? ಫ್ರೆಂಚ್, ಜರ್ಮನ್ ಅಕ್ಷರಗಳ ತಲೆಯ ಮೇಲಿನ ಗೆರೆ, ಚುಕ್ಕೆಗಳು ಅಕ್ಷರದೊಡನೆ ಬೆಸೆದು ಒಂದೇ ಸಂಕೇತವಾಗಿ ಯುನಿಕೋಡ್‌ನಲ್ಲಿ ಸಿಗುತ್ತವೆ. ಸ್ಲಗಿಫೈ ಮೊದಲು ಆ ಬೆಸುಗೆ ಹಾಕಿಯೇ ಗುಡಿಸಲು ಹೊರಡುತ್ತದೆ. ‘ಹಾ’ಗೆ ಹಾಗೆ ಒಂದೇ ಸಂಕೇತವಿಲ್ಲ. ಅದು ಯಾವಾಗಲೂ ‘ಹ’ ಮತ್ತು ಇಳಿ, ಎರಡು. ಯುನಿಕೋಡ್ ಶಿಫಾರಸು ಕೂಡ ಪದದ ಅಕ್ಷರಗಳ ಸಾಲಿನಲ್ಲಿ ಈ ಗುರುತುಗಳನ್ನು ಸೇರಿಸಬೇಕು ಎನ್ನುತ್ತದೆ. 2007ರಲ್ಲೇ ಒಬ್ಬರು ಹಿಂದಿಯ ಉದಾಹರಣೆ ಕೊಟ್ಟು ಪೈಥಾನ್‌ನ ದೂರುಪಟ್ಟಿಯಲ್ಲಿ ಇದನ್ನು ದಾಖಲಿಸಿದ್ದರು. ಅದು ವರ್ಷಗಟ್ಟಲೆ ತೆರೆದೇ ಉಳಿಯಿತು. ತಮಾಷೆಯೆಂದರೆ, ಅದೇ ಪೈಥಾನ್ 3ರಲ್ಲಿ ‘ಹಾಲು’ ಎಂದು ಒಂದು ವೇರಿಯಬಲ್‌ಗೆ ಹೆಸರಿಟ್ಟರೆ ಯಾವ ತಕರಾರೂ ಇಲ್ಲದೆ ಒಪ್ಪಿಕೊಳ್ಳುತ್ತದೆ. ಹೆಸರಿಗೆ ಆಗುತ್ತದೆ, ಪದ ಎನ್ನಲು ಆಗುವುದಿಲ್ಲ!

ನಮ್ಮ ಟೆಸ್ಟರ್ ಮದುರೈಯ ಹುಡುಗಿ. ನನ್ನ ಪರದೆಯ ಮೇಲಿನ ‘ಹಲ’ ನೋಡಿ, “ಅಣ್ಣಾ, ತಮಿಳಿನಲ್ಲೂ ಹೀಗೆಯೇ ಆಗಬೇಕಲ್ಲವಾ?” ಎಂದು ತನ್ನ ಕುರ್ಚಿಗೆ ಹೋಗಿ ಟೈಪ್ ಮಾಡಿದಳು. ಪಾಲ್, ಪುಲಿ. ಎರಡಕ್ಕೂ ಬಂದದ್ದು ‘ಪಲ’. ತೆಲುಗಿನ ಪಾಲು, ಪುಲಿಗಳಿಗೂ ಅದೇ ಗತಿ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು, ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು ಎಂದು ಪಿಯುಸಿಯಲ್ಲಿ ಓದಿದ್ದೆ. ಅಕ್ಕತಂಗಿ ಭಾಷೆಗಳು ಎಂಬುದಕ್ಕೆ ಇಂಥ ಪುರಾವೆ ಸಿಗುತ್ತದೆಂದು ಭಾವಿಸಿರಲಿಲ್ಲ: ಮೂವರೂ ಒಂದೇ ಗುಂಡಿಗೆ ಬಿದ್ದಿದ್ದರು. ಮಲಯಾಳಂ ಮಾತ್ರ ಪಾರಾಯಿತು. ಅದರ ‘ಪಾಲ್’ ಪದದ ಕೊನೆಯ ಚಿಲ್ಲಕ್ಷರಕ್ಕೆ 2008ರ ಯುನಿಕೋಡ್ 5.1ರಿಂದ ಸ್ವಂತ ಸಂಕೇತವಿದೆ, ಅಕ್ಷರ ವರ್ಗದ್ದೇ. ಹಾಗಾಗಿ ಅದು ಪುಲಿಯೊಡನೆ ಬೆರೆಯುವುದಿಲ್ಲ. ಕೇರಳದವರು ಈ ಬಗ್‌ನಲ್ಲೂ ಸ್ವಲ್ಪ ಮುಂದೆ ಎಂದು ನಕ್ಕೆವು.

ತಮಿಳು ಪುಟಗಳಲ್ಲಿ ದೂರು ಬರದಿರಲು ಬೇರೆ ಕಾರಣವಿತ್ತು. ಚೆನ್ನೈ ಕಚೇರಿಯವರು ತಮಿಳು ವಿಷಯಪದಗಳಿಗೆ ಇಂಗ್ಲಿಷ್ ಅಕ್ಷರದ ಸ್ಲಗ್ಗನ್ನು ಕೈಯಲ್ಲೇ ತುಂಬಿದ್ದರು. ಕನ್ನಡದ್ದನ್ನು ತುಂಬುವವರಿರಲಿಲ್ಲ, ಯಂತ್ರಕ್ಕೆ ಬಿಟ್ಟಿದ್ದರು. ಹಾಗಾಗಿ ಮೊದಲು ‘ಹಾಲು’ ಒಳಗೆ ಹೋಗಿ ‘ಹಲ’ ಎಂಬ ಜಾಗ ಹಿಡಿದಿದೆ. ಮುಂದೆ ‘ಹುಲಿ’ ಬಂದಾಗ, ಈ ಸ್ಲಗ್ ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಮಾತ್ರ ಹೊಸದು ಮಾಡು ಎಂಬ ಸಾಲು, ‘ಹಲ’ ಆಗಲೇ ಇದೆಯಲ್ಲ ಎಂದು ಹುಲಿಯ ಬರಹಗಳನ್ನೂ ಅಲ್ಲೇ ಹಾಕಿದೆ. ‘ಹೊಲ’ದ ಪಹಣಿ, ಪಟ್ಟಾ ಪುಟಗಳೂ ಅಲ್ಲಿಗೇ ಹೋಗಿವೆ. ಹೊಸ ಬರಹ ಮೇಲೆ ಬರುವ ವ್ಯವಸ್ಥೆ. ಹಾಲಿನ ದರ ಪದೇ ಪದೇ ಬದಲಾಗುವುದರಿಂದ ಹಾಲು ಸದಾ ಮೇಲೆ, ಹುಲಿ ಮೂರನೇ ಪುಟದ ತಳದಲ್ಲಿ.

ಇಷ್ಟು ತಿಳಿದ ಮೇಲೂ ನನ್ನನ್ನು ಕಾಡಿದ್ದು ಬೇರೆಯದೇ ಪ್ರಶ್ನೆ. ವೆಬ್‌ಸೈಟ್ ಶುರುವಾದಾಗಲೂ ಇದು ಹೀಗೇ ಇತ್ತೆ? ಕೋಡಿನ ಪ್ರತಿ ಸಾಲನ್ನೂ ಯಾರು, ಯಾವಾಗ, ಯಾಕೆ ಬದಲಿಸಿದರು ಎಂದು ತೋರಿಸುವ ದಾಖಲೆ ಇರುತ್ತದೆ. ತೆರೆದು ಹಿಂದಕ್ಕೆ ಹೋದೆ. ಮೊದಲು ಬರೆದವರು ಯಾರೋ ಗೊತ್ತಿಲ್ಲ, ಈಗ ಆ ಸಂಸ್ಥೆಯ ಸಂಪರ್ಕದಲ್ಲಿಲ್ಲ. ಅವರು ಸ್ಲಗಿಫೈ ಬಳಸಿರಲೇ ಇಲ್ಲ. ಬದಲಿಗೆ ನಲವತ್ತು ಸಾಲಿನ ತಮ್ಮದೇ ಫಂಕ್ಷನ್ ಬರೆದಿದ್ದರು. ನಾಲ್ಕು ಲಿಪಿಗಳ ಒಂದೊಂದು ಗುರುತಿನ ಸಂಕೇತವನ್ನೂ ಕೈಯಾರೆ ಪಟ್ಟಿ ಮಾಡಿ, ಇವನ್ನು ಉಳಿಸು ಎಂದಿದ್ದರು. ನೋಡಲು ಅಸಹ್ಯ, ಓದಲು ಹಿಂಸೆ. ಒಂದು ಟಿಪ್ಪಣಿಯೂ ಇಲ್ಲ, ಒಂದು ಪರೀಕ್ಷೆಯೂ ಇಲ್ಲ. ಆದರೆ ಅದು ಸರಿಯಾಗಿತ್ತು.

ಎರಡು ವರ್ಷಗಳ ನಂತರ, ನಮ್ಮ ಕೈಗೆ ಬರುವ ಮೊದಲು, ಬೇರೊಂದು ತಂಡ ಕೋಡ್ ಸ್ವಚ್ಛ ಮಾಡಿದೆ. ದಾಖಲೆಯಲ್ಲಿರುವ ಅವರ ವಿವರಣೆ: ಬೇಡದ ಕೋಡ್ ತೆಗೆದು ಚೌಕಟ್ಟಿನ ಫಂಕ್ಷನ್ ಬಳಸಲಾಗಿದೆ. ನಲವತ್ತು ಸಾಲು ಹೋಗಿ ಒಂದು ಸಾಲು ಬಂದಿದೆ. ಅದೇ ತಿಂಗಳು ಸರ್ವರ್ ಬದಲಿಸುವಾಗ ಎಲ್ಲ ವಿಷಯಪದಗಳನ್ನೂ ಎಕ್ಸೆಲ್ ಪಟ್ಟಿಯಿಂದ ಮತ್ತೆ ತುಂಬಿದ್ದಾರೆ. ಅಲ್ಲಿಂದ ಹುಲಿ ಹಾಲಾಯಿತು.

ಆ ತಂಡವನ್ನು ಬೈಯುವುದು ಸುಲಭ. ಆದರೆ ಅವರು ಮಾಡಿದ್ದು ನಮಗೆ ಎಲ್ಲ ಪುಸ್ತಕಗಳೂ ಕಲಿಸುವುದನ್ನೇ: ಚೌಕಟ್ಟಿನಲ್ಲಿ ಇರುವುದನ್ನು ಮತ್ತೆ ಬರೆಯಬೇಡಿ. ಹೆಚ್ಚಿನ ಸಲ ಅದು ಸರಿ ಕೂಡ. ಅಳಿಸಿದ ಸಾಲುಗಳ ಲೆಕ್ಕವನ್ನು ಹೆಮ್ಮೆಯಿಂದ ತೋರಿಸುವುದು ನಮ್ಮ ವೃತ್ತಿಯ ರೂಢಿ, ನಮ್ಮ ತಂಡದಲ್ಲೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ವಿಚಿತ್ರವಾಗಿ ಕಾಣುವ ಕೋಡನ್ನು ಅಳಿಸುವ ಮೊದಲು ಅದಕ್ಕೆ ಕನ್ನಡ, ತಮಿಳು, ಅರಬ್ಬಿಯ ಒಂದೊಂದು ಪದ ಉಣಿಸಿ ನೋಡುವ ಅಭ್ಯಾಸ ಭಾರತದ ಕಂಪನಿಗಳಲ್ಲೂ ಇಲ್ಲದಿರುವುದು ನಾಚಿಕೆಗೇಡು. ಹೈದರಾಬಾದು, ಚೆನ್ನೈ, ಬೆಂಗಳೂರಿನಲ್ಲಿ ಕೂತು ನಾವು ಪರೀಕ್ಷೆಗೆ ಹಾಕುವ ಹೆಸರು ಈಗಲೂ ‘ಜಾನ್ ಸ್ಮಿತ್’.

ಚೌಕಟ್ಟುಗಳನ್ನು ಕಾಯುವವರಿಗೆ ಈ ಭಯ ಚೆನ್ನಾಗಿ ಗೊತ್ತು. ರೂಬಿ ಆನ್ ರೈಲ್ಸ್ ಎಂಬ ಇನ್ನೊಂದು ಚೌಕಟ್ಟಿನವರು ತಮ್ಮ ಮಾರ್ಗದರ್ಶಿಯಲ್ಲಿ, ಬರೀ ಅಂದ ಹೆಚ್ಚಿಸುವ ಬದಲಾವಣೆಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂದು ಬರೆದಿದ್ದಾರೆ. ಜಾಂಗೋದವರು 2022ರ ಫೆಬ್ರುವರಿಯಲ್ಲಿ ತಮ್ಮ ಇಡೀ ಕೋಡನ್ನು ಬ್ಲ್ಯಾಕ್ ಎಂಬ ಉಪಕರಣದಿಂದ ಒಂದೇ ಶೈಲಿಗೆ ತಂದರು. ಅರ್ಥ ಬದಲಾಗಲಿಲ್ಲ, ಇಂಡೆಂಟು, ಉದ್ಧರಣ ಚಿಹ್ನೆ, ಸಾಲಿನ ಉದ್ದ ಮಾತ್ರ. ಆದರೂ ಹೀಗೆ ಮಾಡಿದಾಗ ಸಾವಿರಾರು ಸಾಲುಗಳ ಮೇಲೆ ಮೂಲ ಲೇಖಕರ ಹೆಸರು ಹೋಗಿ ಈ ಬದಲಾವಣೆಯ ಹೆಸರೇ ಕಾಣತೊಡಗುತ್ತದೆ. ಅದಕ್ಕೆಂದೇ, ಇತಿಹಾಸ ನೋಡುವಾಗ ಈ ಒಂದು ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಒಂದು ಪುಟ್ಟ ಫೈಲನ್ನೂ ಇಟ್ಟರು. ಗುಡಿಸಿದವರು ಯಾರು ಎಂಬುದಕ್ಕಿಂತ ಇಟ್ಟವರು ಯಾರು ಎಂಬುದು ಮುಖ್ಯ ಎಂಬ ವಿವೇಕ ಅದರಲ್ಲಿದೆ. ನಮ್ಮ ಪುಣ್ಯಕ್ಕೆ ಆ ನಲವತ್ತು ಸಾಲಿನ ಇತಿಹಾಸ ಅಳಿಸಿಹೋಗಿರಲಿಲ್ಲ.

ಇಂಥ ಯೋಜನೆಗಳಲ್ಲಿ ನಿಧಾನವೂ ಒಂದು ಗುಣ. ಒಂದು ಟೇಬಲಿಗೆ ಎರಡು ಕಾಲಮ್ ಸೇರಿಸಿ ಕೀ ಮಾಡಿಕೊಡಿ ಎಂಬ ಬೇಡಿಕೆ ಜಾಂಗೋದ ಪಟ್ಟಿಗೆ 373ನೇ ಸಂಖ್ಯೆಯಾಗಿ ಸೇರಿದ್ದು 2005ರಲ್ಲಿ. ಅದು ನೆರವೇರಿದ್ದು 2025ರ ಏಪ್ರಿಲ್‌ನಲ್ಲಿ, 5.2ನೇ ಆವೃತ್ತಿಯಲ್ಲಿ. ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮ, ಅಂದರೆ ಕೊನೆಗೆ ಮೂರು ಅಂಕಿ, ಆಮೇಲೆ ಎರಡೆರಡು, ಅದನ್ನು ಬರೆಯುವ ದಾರಿ ಅದಕ್ಕೆ ಸಿಕ್ಕಿದ್ದು 2017ರಲ್ಲಿ, 1.11ರಲ್ಲಿ. ಅಲ್ಲಿಯವರೆಗೆ ಹತ್ತು ಲಕ್ಷ ತೋರಿಸಬೇಕೆಂದರೆ ಎಲ್ಲರೂ ತಮ್ಮ ತಮ್ಮ ತೇಪೆ ಹಾಕಿಕೊಳ್ಳುತ್ತಿದ್ದರು. ಸ್ಲಗಿಫೈಯನ್ನು ಚೌಕಟ್ಟಿನೊಳಗೇ ತಿದ್ದಬಾರದೇ ಎಂದು ನೀವು ಕೇಳಬಹುದು. ತಿದ್ದಿದ ದಿನವೇ, ಈಗಾಗಲೇ ‘ಬಗಳರ’ ಎಂಬ ವಿಳಾಸದಲ್ಲಿ ಬದುಕುತ್ತಿರುವ ಪುಟಗಳನ್ನು ಮತ್ತೆ ಉಳಿಸಿದಾಗ ಅವುಗಳ ವಿಳಾಸ ಬದಲಾಗಿ, ಹಂಚಿಕೊಂಡ ಲಿಂಕುಗಳು ಸಾಯುತ್ತವೆ. ತಪ್ಪು ಹಳೆಯದಾದಷ್ಟೂ ಅದರ ಮೇಲೆ ಮನೆ ಕಟ್ಟಿಕೊಂಡವರು ಹೆಚ್ಚು.

ನಮ್ಮ ಮಟ್ಟಿಗೆ ದಾರಿಗಳಿದ್ದವು. ಹಳೆಯ ನಲವತ್ತು ಸಾಲನ್ನು ಹಾಗೇ ಮರಳಿ ತರಬಹುದಿತ್ತು. 'ರೆಜೆಕ್ಸ್' ಎಂಬ ಹೊರಗಿನ ಲೈಬ್ರರಿ ಹಾಕಬಹುದಿತ್ತು, ಅದರಲ್ಲಿ ಗುರುತುಗಳೂ ಪದದ ಭಾಗವೇ. ಕೊನೆಗೆ ಆರಿಸಿದ್ದು ಸರಳವಾದದ್ದು: ಯುನಿಕೋಡ್ ವರ್ಗವನ್ನೇ ಕೇಳಿ, ಅಕ್ಷರ, ಗುರುತು, ಅಂಕಿಗಳನ್ನು ಉಳಿಸಿ, ಮಿಕ್ಕದ್ದನ್ನು ಬಿಡುವುದು. ಆರು ಸಾಲು. ಲಿಪಿಗಳ ಪಟ್ಟಿ ಬೇಕಿಲ್ಲ, ನಾಳೆ ಒಡಿಯಾ ಬಂದರೂ ನಡೆಯುತ್ತದೆ.

ಆರು ಸಾಲು ಬರೆಯಲು ಒಂದು ಗಂಟೆ ಸಾಕಾಯಿತು. ಉಳಿದದ್ದಕ್ಕೆ ಮೂರು ವಾರ. ಸ್ಲಗ್ ಸರಿಯಿದೆಯೇ ಎಂದು ನೋಡುವ ಜಾಂಗೋದ ಪರೀಕ್ಷಕ ಅದೇ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ನಂಬಿ ‘ಹುಲಿ’ಯನ್ನು ಬಾಗಿಲಲ್ಲೇ ತಡೆಯಿತು, ಬದಲಿಸಿದೆವು. ವಿಳಾಸ ಓದುವ ಭಾಗಕ್ಕೆ ಸ್ಲಗ್ ಅಂದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಗೆರೆ, ಅದನ್ನೂ ಬದಲಿಸಿದೆವು. ನಂತರ ಕಣ್ಣಿಗೆ ಕಾಣದ ಅಕ್ಷರಗಳ ಕಾಟ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ಅಂಟಿಕೊಂಡು ಒತ್ತಕ್ಷರ ಆಗದಿರಲಿ ಎಂದು ನಡುವೆ ಒಂದು ಅದೃಶ್ಯ ಸಂಕೇತ ಹಾಕುತ್ತೇವೆ. ‘ರ‍್ಯಾಲಿ’ಯಲ್ಲಿ ಯಾವೊತ್ತು ಬರಲಿ, ಅರ್ಕಾವತ್ತು ಬೇಡ ಎನ್ನಲು ಇನ್ನೊಂದು. ಕೆಲವರ ಕೀಲಿಮಣೆ ಅದನ್ನು ಹಾಕುತ್ತದೆ, ಕೆಲವರದ್ದು ಇಲ್ಲ. ನೋಡಲು ಒಂದೇ ಆದ ಎರಡು ವಿಳಾಸಗಳು ಹುಟ್ಟಬಾರದೆಂದು ಸ್ಲಗ್‌ನಿಂದ ಅವೆರಡನ್ನೂ ಬೇಕೆಂದೇ ತೆಗೆದೆವು. ಗುಡಿಸುವುದೇ ತಪ್ಪಲ್ಲವಲ್ಲ.

ಹಳೆಯ ಲಿಂಕುಗಳದ್ದು ಇನ್ನೊಂದು ಕಥೆ. ಕನ್ನಡದ ವಿಳಾಸವನ್ನು ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಅನೇಕ ಸಲ ಶೇಕಡಾ ಚಿಹ್ನೆಗಳ ಸಾಲಾಗುವುದನ್ನು ನೀವು ಕಂಡಿರುತ್ತೀರಿ. ‘ಹುಲಿ’ಯಲ್ಲಿ ನಾಲ್ಕು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ಮೂರು ಚಿಹ್ನೆ, ಒಟ್ಟು 36. ಅಂಥ ಲಿಂಕುಗಳು ತಾಳವಾಡಿಯ ಹಾಲಿನ ಸೊಸೈಟಿ ಗುಂಪುಗಳಲ್ಲಿ ಆಗಲೇ ಹರಡಿದ್ದವು, ಎಲ್ಲವೂ ‘ಹಲ’ಕ್ಕೆ ಹೋಗುವಂಥವು. ಅವನ್ನು ಹುಲಿಗೆ ಕಳಿಸಬೇಕೋ ಹಾಲಿಗೋ? ‘ಹಲ’ ಪುಟವನ್ನು ಉಳಿಸಿಕೊಂಡು, ಅಲ್ಲಿ ದೊಡ್ಡ ಅಕ್ಷರದಲ್ಲಿ ಮೂರು ಗುಂಡಿ ಇಟ್ಟೆವು: ಹಾಲು, ಹುಲಿ, ಹೊಲ. ಬೇಕಾದ್ದನ್ನು ಒತ್ತಿಕೊಳ್ಳಲಿ.

ಬೆರೆತುಹೋಗಿದ್ದ ಬರಹಗಳನ್ನು ಬೇರ್ಪಡಿಸುವುದು ಯಾವ ಪ್ರೋಗ್ರಾಮಿಗೂ ಸಾಧ್ಯವಿರಲಿಲ್ಲ. ‘ಕರು ಸತ್ತರೆ’ ಎಂಬ ಬರಹ ಹಾಲಿನದೋ ಹುಲಿಯದೋ? ಮೇಷ್ಟ್ರು ಸಂಜೆ ಹೊತ್ತು ಫೋನಿನಲ್ಲಿ ಕೂತು ಒಂದೊಂದನ್ನೂ ಓದಿ ಹೇಳಿದರು, ನಾನು ಗುರುತು ಹಾಕಿಕೊಂಡೆ. ನಡುವೆ ಒಂದು ದಿನ, “ಅಲ್ಲ ಕಣಪ್ಪಾ, ಅಷ್ಟು ವರ್ಷ ಮಕ್ಕಳಿಗೆ ಕಾಗುಣಿತ ತಪ್ಪಿದ್ರೆ ಕಿವಿ ಹಿಂಡಿವ್ನಿ. ನಿಮ್ ಕಂಪ್ಯೂಟ್ರು ಗುಣಿತಾನೇ ಕಸ ಅಂತದಾ?” ಎಂದರು. ಪೈಥಾನ್ ಪರವಾಗಿ ನಾನು ಏನು ಹೇಳಲಿ? ನಕ್ಕುಬಿಟ್ಟೆ. ಅವರು ನಗಲಿಲ್ಲ.

ಆ ರೈತರ ಅರ್ಜಿಯನ್ನು ಮೇಷ್ಟ್ರೇ ಬರೆದುಕೊಟ್ಟಿದ್ದಾರೆ. ಮಗಳು ಬೆಳಿಗ್ಗೆ ಫೋನಿನಲ್ಲಿ ತೆಗೆದಿದ್ದ ಎರಡು ಫೋಟೊ, ಹೊಲದಲ್ಲಿದ್ದ ಹೆಜ್ಜೆ ಗುರುತಿನ ಮಾತು, ಪಕ್ಕದವರ ಹೇಳಿಕೆ ಇಷ್ಟು ಜೊತೆಗಿಟ್ಟಿದ್ದಾರೆ. ಕಳೇಬರ ಪರಿಶೀಲಿಸಿದ ವರದಿ ಇಲ್ಲ. ಪರಿಹಾರ ಬಂತೇ ಎಂದು ನಾನು ಎರಡು ಸಲ ಕೇಳಿದೆ. ಇನ್ನೂ ಬಂದಿಲ್ಲ.

ಈಗ ಆ ವೆಬ್‌ಸೈಟಿನ ಪರೀಕ್ಷೆಗಳ ಫೈಲಿನಲ್ಲಿ ಒಂದು ಪದಪಟ್ಟಿ ಇದೆ. ಯಾರಾದರೂ ಮತ್ತೆ ಸ್ವಚ್ಛ ಮಾಡಲು ಹೊರಟು ಆ ಆರು ಸಾಲನ್ನು ಒಂದು ಸಾಲಿಗೆ ಇಳಿಸಿದರೆ, ಈ ಪದಗಳು ಕೂಡಲೇ ಕೆಂಪಾಗುತ್ತವೆ. ಮೊದಲು ಅಲ್ಲಿದ್ದದ್ದು ಮೂರೇ ಪದ. ಮೇಷ್ಟ್ರಿಗೆ ಹೇಳಿದ್ದೇ ತಡ, ದಿನಕ್ಕೊಂದು ವಾಟ್ಸ್ಆ್ಯಪ್ ಬರತೊಡಗಿತು. ಕೂಲಿ, ಕೊಲೆ, ಕಾಲು, ಕೋಲು, ಕಲೆ. ಕೋಳಿ, ಕಾಳು, ಕಳೆ, ಕೊಳೆ, ಕೊಳ. ಕೂಲಿಯ ಪುಟ ಒತ್ತಿದವರಿಗೆ ಕೊಲೆಯ ಕಾನೂನು ಸಿಗುವ ಸಾಧ್ಯತೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಟೆಸ್ಟರ್ ತಮಿಳಿನಲ್ಲಿ ತನ್ನದೇ ಪಟ್ಟಿ ಮಾಡುತ್ತಿದ್ದಾಳೆ, ಮೇಷ್ಟ್ರಿಗಿಂತ ಹಿಂದೆ ಬೀಳಬಾರದೆಂದು.

ಆಮೇಲೆ ವೆಬ್‌ಸೈಟನ್ನು ಜಾಂಗೋ 2.2ರಿಂದ 4.2ಕ್ಕೆ ಏರಿಸಿದೆವು. ಹಳೆಯ ಅನುವಾದ ಫಂಕ್ಷನ್‌ಗಳು, ವಿಳಾಸ ಬರೆಯುವ ಹಳೆಯ ವಿಧಾನ 4.0ರಲ್ಲೇ ಹೋಗಿದ್ದವು, ಅವನ್ನೆಲ್ಲ ಬದಲಿಸಿದ್ದು ದೊಡ್ಡ ಕೆಲಸವೇ, ಆದರೆ ಹೇಳುವಂಥದ್ದೇನಿಲ್ಲ. ಮೊನ್ನೆ ಮೇಷ್ಟ್ರು ಹೊಸ ದೂರು ಕಳಿಸಿದ್ದಾರೆ. ಬೆಳೆಗಳ ಪಟ್ಟಿಯಲ್ಲಿ ‘ಬೇಳೆ’ ಮೊದಲು ಬಂದು ‘ಬೇವು’ ಆಮೇಲೆ ಬರುತ್ತದೆ, ವರ್ಣಮಾಲೆಯಲ್ಲಿ ಳಕಾರ ಕೊನೆಗಲ್ಲವೇ ಎಂದು. ನೋಡಿದೆ. ಯುನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಮಗ್ಗುಲಲ್ಲಿ, ‘ವ’ಕ್ಕಿಂತ ಮುಂಚೆ. ನಮ್ಮ ಡೇಟಾಬೇಸ್ ಆ ಸಂಖ್ಯೆಯ ಕ್ರಮವನ್ನೇ ಅಕಾರಾದಿ ಎಂದುಕೊಂಡಿದೆ. ದೂರನ್ನು ದಾಖಲಿಸಿಕೊಂಡು ನನ್ನ ಹೆಸರಿಗೇ ಹಾಕಿಕೊಂಡಿದ್ದೇನೆ.